ಶಸ್ತ್ರವೈದ್ಯ ಆಲನ್ ವಿಪ್ಪಲ್

ವೈದ್ಯರ ಹೆಸರುಗಳಿಗೆ ವಿಚಿತ್ರವಾದ ಒಂದು ಗತಿಯುಂಟು. ಕವಿಯ ಹೆಸರು ಅವನ ಕಾವ್ಯದೊಡನೆ ಉಳಿಯುತ್ತದೆ, ಓದುಗನು ಆ ಹೆಸರಿನ ಹಿಂದೆ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾನೆ. ವೈದ್ಯನ ಹೆಸರಾದರೋ ಒಂದು ರೋಗಕ್ಕೋ ಒಂದು ಶಸ್ತ್ರಕ್ರಿಯೆಗೋ ಅಂಟಿಕೊಂಡು, ಮನುಷ್ಯನನ್ನು ಹಿಂದೆ ಬಿಟ್ಟು, ತಾನೊಂದೇ ಮುಂದಕ್ಕೆ ನಡೆದುಬಿಡುತ್ತದೆ. ನ್ಯೂಯಾರ್ಕಿನಲ್ಲಿ ಆಗಲಿ, ನಮ್ಮ ಬೆಂಗಳೂರಿನಲ್ಲಿ ಆಗಲಿ, ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗೆಡ್ಡೆ ಕಂಡುಬಂದರೆ, ರೋಗಿಗೆ ವಿಪ್ಪಲ್ ಮಾಡಬೇಕು ಎಂದು ವೈದ್ಯರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು ಅದು ಯಾವುದೋ ಯಂತ್ರದ ಹೆಸರೆಂದು ತಿಳಿದರೆ ಆಶ್ಚರ್ಯವೇನೂ ಇಲ್ಲ. ನಾನು ವೈದ್ಯನಲ್ಲ, ಚರಿತ್ರೆಯನ್ನು ಓದುವ ಚಪಲದಿಂದ ಈ ಮನುಷ್ಯನ ಬಳಿಗೆ ಬಂದವನು. ಬಂದ ಮೇಲೆ, ಅವನ ಹೆಸರು ಹೊತ್ತ ಆ ದೊಡ್ಡ ಶಸ್ತ್ರಕ್ರಿಯೆಗಿಂತ, ಅದರ ನೆರಳಿನಲ್ಲಿ ಮರೆಯಾಗಿ ನಿಂತ ಇನ್ನೊಂದು ಚಿಕ್ಕ ಕೆಲಸವೇ ನನಗೆ ಹೆಚ್ಚಿನದಾಗಿ ತೋರಿತು. ಅದನ್ನು ವಾಚಕರ ಮುಂದಿಡುವುದು ಈ ಬರೆಹದ ಉದ್ದೇಶ.

ಮೊದಲೇ ಒಂದು ಮಾತು. ವಿಪ್ಪಲ್ ಎಂಬ ಹೆಸರಿನ ಇಬ್ಬರು ವೈದ್ಯ ವಿಜ್ಞಾನಿಗಳು ಒಂದೇ ಕಾಲದಲ್ಲಿ ಅಮೆರಿಕದಲ್ಲಿದ್ದರು. ರಕ್ತಹೀನತೆಗೆ ಯಕೃತ್ತಿನ ಆಹಾರವನ್ನು ಕುರಿತು ಸಂಶೋಧನೆ ನಡೆಸಿ 1934ರಲ್ಲಿ ನೊಬೆಲ್ ಬಹುಮಾನ ಪಡೆದವನು ಜಾರ್ಜ್ ವಿಪ್ಪಲ್. ನಾನು ಹೇಳಹೊರಟಿರುವುದು ಅವನನ್ನಲ್ಲ, ಶಸ್ತ್ರವೈದ್ಯನಾದ ಆಲನ್ ಓಲ್ಡ್‌ಫಾದರ್ ವಿಪ್ಪಲ್‌ನನ್ನು.

ಈತ ಹುಟ್ಟಿದುದು ಅಮೆರಿಕದಲ್ಲಲ್ಲ, ಪರ್ಷಿಯ ದೇಶದ ವಾಯವ್ಯ ಮೂಲೆಯಲ್ಲಿರುವ ಉರ್ಮಿಯ ಎಂಬ ಊರಿನಲ್ಲಿ. 1881ರ ಸೆಪ್ಟೆಂಬರ್ 2ರಂದು. ತಂದೆತಾಯಿಗಳು ಮಿಷನರಿಗಳು. ಉರ್ಮಿಯದಲ್ಲಿ ಅಮೆರಿಕನ್ ಮಿಷನ್ನಿನ ನೆಲೆ 1835ರಷ್ಟು ಹಿಂದೆಯೇ ಏರ್ಪಟ್ಟಿತ್ತು. ಉಪ್ಪುನೀರಿನ ದೊಡ್ಡ ಸರೋವರದ ಬಳಿಯ ಆ ಬಯಲಿನಲ್ಲಿ ತುರ್ಕಿ ಮಾತನಾಡುವ ಮುಸಲ್ಮಾನರು, ಅರ್ಮೀನಿಯನ್ನರು, ಕುರ್ದರು, ಸಿರಿಯಾಕ್ ಭಾಷೆಯನ್ನಾಡುವ ನೆಸ್ಟೋರಿಯನ್ ಕ್ರೈಸ್ತರು ಒಟ್ಟಿಗೆ ಬಾಳುತ್ತಿದ್ದರು. ಬಾಲ್ಯದಲ್ಲಿ ಕಿವಿಗೆ ಬಿದ್ದ ಈ ಬಹುಭಾಷೆಗಳ ಗದ್ದಲವನ್ನು ವಿಪ್ಪಲ್ ಮರೆಯಲಿಲ್ಲವೆಂಬುದು ಅವನ ಮುಂದಿನ ಜೀವನದಿಂದ ತಿಳಿಯುತ್ತದೆ. ಆ ಮಾತನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ.

ವಿದ್ಯಾಭ್ಯಾಸದ ವಿವರಗಳು ಸಾಮಾನ್ಯವಾದುವೇ. 1904ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪದವಿ. 1908ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ವೈದ್ಯ ಪದವಿ. ಆಮೇಲೆ ರೂಸ್‌ವೆಲ್ಟ್ ಆಸ್ಪತ್ರೆಯಲ್ಲಿ ಕಲಿಕೆ. 1921ರಲ್ಲಿ ಕೊಲಂಬಿಯದಲ್ಲಿಯೇ ಶಸ್ತ್ರವೈದ್ಯದ ಪ್ರಾಧ್ಯಾಪಕನಾದ. ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ಶಸ್ತ್ರವೈದ್ಯ ವಿಭಾಗ ಅವನ ಕೈಗೆ ಬಂದಿತು. 1946ರ ವರೆಗೆ, ಕಾಲು ಶತಮಾನದ ಕಾಲ, ಆ ಪೀಠದಿಂದ ಅವನು ಕದಲಲಿಲ್ಲ.

ಅವನ ಕೆಲಸ ಅರ್ಥವಾಗಬೇಕಾದರೆ ಮೇದೋಜೀರಕ ಗ್ರಂಥಿಯ ಸ್ವಭಾವವನ್ನು ತುಸು ತಿಳಿದಿರಬೇಕು. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡಂತೆ ಅಡ್ಡಲಾಗಿ ಮಲಗಿರುವ ಮೆತ್ತನೆಯ ಅಂಗ ಇದು. ಇದರಲ್ಲಿ ಎಲುಬಿಲ್ಲ, ಮೆಲ್ಲೆಲುಬಿಲ್ಲ. ಎಲ್ಲವೂ ಮಾಂಸವೇ ಎಂಬ ಅರ್ಥ ಬರುವ ಹೆಸರನ್ನು ಗ್ರೀಕರು ಇದಕ್ಕೆ ಇಟ್ಟರು. ಇದರ ತಲೆಯನ್ನು ಸಣ್ಣಕರುಳಿನ ಮೊದಲ ಭಾಗ ಬಾಗಿ ಅಪ್ಪಿಕೊಂಡಿದೆ. ಯಕೃತ್ತಿನಿಂದ ಬರುವ ಪಿತ್ತನಾಳ ಈ ತಲೆಯೊಳಗೇ ಹಾದು ಕರುಳನ್ನು ಸೇರುತ್ತದೆ. ಬೆನ್ನ ಹಿಂದೆಯೇ ಕರುಳಿಗೂ ಯಕೃತ್ತಿಗೂ ಸೇರಿದ ದೊಡ್ಡ ರಕ್ತನಾಳಗಳು ಹರಿಯುತ್ತವೆ. ಹೀಗೆ ನಾಲ್ಕು ಕಡೆಯಿಂದಲೂ ಇಕ್ಕಟ್ಟಿನಲ್ಲಿರುವ ಈ ಗ್ರಂಥಿ ಮಾಂಸವನ್ನೂ ಕೊಬ್ಬನ್ನೂ ಕರಗಿಸುವ ತೀಕ್ಷ್ಣವಾದ ರಸವನ್ನು ಸುರಿಸುತ್ತದೆ. ಗ್ರಂಥಿಗೆ ಗಾಯವಾದರೆ ಆ ರಸ ಹೊರಕ್ಕೆ ಜಿನುಗಿ ಸುತ್ತಲಿನ ಅಂಗಗಳನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಎಂಥ ಧೈರ್ಯಶಾಲಿಯಾದ ಶಸ್ತ್ರವೈದ್ಯನೂ ಇದನ್ನು ಮುಟ್ಟಲು ಹಿಂಜರಿಯುತ್ತಿದ್ದುದು ಸಹಜವೇ.

ಇನ್ನೊಂದು ಸಂಗತಿಯುಂಟು. 1869ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಈ ಗ್ರಂಥಿಯ ತೆಳುವಾದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ರಸ ಸುರಿಸುವ ಜೀವಕೋಶಗಳ ನಡುವೆ ಬೇರೆಯ ಜಾತಿಯ ಕೋಶಗಳ ಚಿಕ್ಕ ಚಿಕ್ಕ ಗುಂಪುಗಳನ್ನು ಕಂಡ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. ತಿಳಿಯದುದನ್ನು ತಿಳಿಯದೆಂದೇ ಬರೆದಿಟ್ಟ. ಸಮುದ್ರದಲ್ಲಿ ದ್ವೀಪಗಳಿದ್ದಂತೆ ಇರುವ ಆ ಗುಂಪುಗಳು ಈಗ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ರಕ್ತದೊಳಗಿನ ಸಕ್ಕರೆಯನ್ನು ಅಂಕೆಯಲ್ಲಿಡುವ ಇನ್ಸುಲಿನ್ ಹುಟ್ಟುವುದು ಅಲ್ಲಿ. ಒಂದೇ ಗ್ರಂಥಿಯೊಳಗೆ, ಹೀಗೆ, ಒಂದರೊಡನೊಂದಕ್ಕೆ ಸಂಬಂಧವಿಲ್ಲದ ಎರಡು ಸಂಸಾರಗಳು. ಅಂದಮೇಲೆ ಅಲ್ಲಿ ಹುಟ್ಟುವ ಗೆಡ್ಡೆಗಳೂ ಎರಡು ಕುಲದವು. ವಿಪ್ಪಲ್‌ನ ಜೀವನದ ಕೆಲಸವೆಲ್ಲ ಈ ಎರಡು ಕುಲಗಳ ನಡುವೆ ಹಂಚಿಹೋಗಿದೆ.

ಮೊದಲನೆಯ ಕುಲದ್ದು ಕ್ರೂರವಾದುದು. ಗ್ರಂಥಿಯ ತಲೆಯಲ್ಲಿ ಅಥವಾ ಪಿತ್ತನಾಳ ಕರುಳನ್ನು ಸೇರುವ ಬಾಯಿಯಲ್ಲಿ ಏಡಿಗಂತಿ ಬೆಳೆದರೆ ಪಿತ್ತದ ಹರಿವು ಕಟ್ಟುತ್ತದೆ. ಕಣ್ಣು, ಚರ್ಮ ಹಳದಿಯಾಗುತ್ತವೆ, ಮೈ ತುರಿಸುತ್ತದೆ, ರೋಗಿ ದಿನದಿನಕ್ಕೆ ಸೊರಗುತ್ತಾನೆ. ಕಾಮಾಲೆ ಬಲಿತ ಇಂಥ ರೋಗಿಯ ಮೇಲೆ ಕತ್ತಿಯಾಡಿಸಿದರೆ ರಕ್ತ ನಿಲ್ಲುವುದೇ ಇಲ್ಲ. ರಕ್ತವನ್ನು ಹೆಪ್ಪುಗಟ್ಟಿಸಲು ಬೇಕಾದ ಕೆ ಜೀವಸತ್ವವನ್ನು ಕರುಳು ಹೀರಿಕೊಳ್ಳಬೇಕಾದರೆ ಪಿತ್ತ ಬೇಕು. ಪಿತ್ತವೇ ಕರುಳಿಗೆ ಇಳಿಯದಿದ್ದರೆ ಜೀವಸತ್ವ ರಕ್ತಕ್ಕೆ ಹೇಗೆ ಸೇರೀತು? ಈ ಕಾರಣ ತಿಳಿದುಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ಶಸ್ತ್ರವೈದ್ಯರು ಕಂಡದ್ದು ರಕ್ತಸ್ರಾವವನ್ನು ಮಾತ್ರ. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲಿ ಇಂಥ ಒಂದು ಗೆಡ್ಡೆಯನ್ನು ಗ್ರಂಥಿಯ ಭಾಗದೊಡನೆಯೂ ಕರುಳಿನ ಭಾಗದೊಡನೆಯೂ ಕತ್ತರಿಸಿ ತೆಗೆದಿದ್ದ. ರೋಗಿ ಕೆಲವು ತಿಂಗಳು ಬದುಕಿದ. ಆದರೂ ಆ ದಾರಿಯಲ್ಲಿ ಹೆಜ್ಜೆಯಿಟ್ಟವರು ಬಹಳ ವಿರಳ. ಕಾಲು ಶತಮಾನ ಅದು ಹೆಚ್ಚುಕಡಿಮೆ ಪಾಳುಬಿದ್ದಿತ್ತು. ಈ ಶಸ್ತ್ರಕ್ರಿಯೆಯನ್ನು ಮೊಟ್ಟಮೊದಲು ಮಾಡಿದವನು ವಿಪ್ಪಲ್ ಅಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಜರ್ಮನಿಯಲ್ಲಿ ಇಂದಿಗೂ ಇಬ್ಬರ ಹೆಸರುಗಳನ್ನೂ ಜೋಡಿಸಿ ಕೌಶ್–ವಿಪ್ಪಲ್ ಎನ್ನುವುದುಂಟು.

ವಿಪ್ಪಲ್ ಈ ಕೆಲಸಕ್ಕೆ ಕೈಹಾಕಿದಾಗ ಅವನಿಗೆ ಐವತ್ತು ದಾಟಿತ್ತು. ಮೊದಲ ರೋಗಿ ಒಂದೆರಡು ದಿನಗಳೊಳಗೇ ತೀರಿಕೊಂಡ. ಹೊಲಿಗೆಗೆ ಬಳಸಿದ್ದು ಪ್ರಾಣಿಯ ಕರುಳಿನಿಂದ ಮಾಡಿದ, ದೇಹದಲ್ಲಿ ತಾನಾಗಿ ಕರಗುವ ದಾರ. ಗ್ರಂಥಿಯ ರಸ ಆ ದಾರವನ್ನು ಬಹು ಬೇಗ ಕರಗಿಸಿಬಿಟ್ಟಿತು, ಹೊಲಿಗೆ ಬಿಚ್ಚಿಕೊಂಡಿತು. ಮಾಂಸವನ್ನು ಜೀರ್ಣಿಸುವ ರಸಕ್ಕೆ ಪ್ರಾಣಿಯ ಕರುಳಿನ ದಾರ ಯಾವ ಲೆಕ್ಕ? ಮುಂದಿನ ರೋಗಿಗಳಿಗೆ ಅವನು ರೇಷ್ಮೆಯ ದಾರ ಹಿಡಿದ. ಶಸ್ತ್ರಕ್ರಿಯೆಯನ್ನು ಎರಡು ಕಂತುಗಳಲ್ಲಿ ಮಾಡಿದ. ಮೊದಲನೆಯ ಸಲ ಪಿತ್ತಕ್ಕೆ ಬೇರೊಂದು ದಾರಿಯನ್ನು ಮಾಡಿಕೊಟ್ಟು, ಕಾಮಾಲೆ ಇಳಿದು ರೋಗಿ ಚೇತರಿಸಿಕೊಳ್ಳುವ ವರೆಗೆ ಕೆಲವು ವಾರ ಕಾದ. ಎರಡನೆಯ ಸಲ ಗೆಡ್ಡೆಯನ್ನು ತೆಗೆದ. ಪಾರ್ಸನ್ಸ್, ಮಲ್ಲಿನ್ಸ್ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ ಸೇರಿ 1935ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದ್ದುದು ಕೇವಲ ಮೂವರು ರೋಗಿಗಳ ವೃತ್ತಾಂತ. ಒಬ್ಬ ಆಗಲೇ ತೀರಿಹೋಗಿದ್ದ. ಉಳಿದಿಬ್ಬರಲ್ಲಿ ಒಬ್ಬನಿಗೆ ತಿಂಗಳುಗಳು, ಇನ್ನೊಬ್ಬನಿಗೆ ಎರಡು ವರ್ಷದಷ್ಟು ಆಯುಸ್ಸು ದೊರೆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಮೂವರಲ್ಲಿ ಒಬ್ಬ ಕತ್ತಿಯಿಂದಲೇ ಸತ್ತ. ಉಳಿದವರಿಗೆ ದೊರೆತದ್ದು ಕೆಲವು ಕಾಲದ ಬಾಳು. ಇದನ್ನು ಜಯವೆನ್ನಬೇಕೆ? ಜಠರದ ತುದಿ, ಕರುಳಿನ ಸುರುಳಿ, ಗ್ರಂಥಿಯ ತಲೆ, ಪಿತ್ತನಾಳದ ಕೊನೆ ಇಷ್ಟನ್ನೂ ತೆಗೆದು ಉಳಿದುದನ್ನು ಮತ್ತೆ ಜೋಡಿಸುವ ಈ ಕೆಲಸ ಮನುಷ್ಯದೇಹದ ಮೇಲೆ ನಡೆಯುವ ಅತಿ ದೊಡ್ಡ ಶಸ್ತ್ರಕ್ರಿಯೆಗಳಲ್ಲೊಂದು. ಸಾಯುವವನನ್ನು ಸುಮ್ಮನೆ ಸಾಯಬಿಡುವುದೇ ದಯೆಯಲ್ಲವೆ ಎಂಬ ವಾದ ಆ ಮೇಲೆಯೂ ದಶಕಗಟ್ಟಲೆ ನಡೆಯಿತು. 1970ರ ಸುಮಾರಿನಲ್ಲಿಯೂ ಈ ಶಸ್ತ್ರಕ್ರಿಯೆಯನ್ನು ಕೈಬಿಡುವುದೇ ಮೇಲೆಂದು ಹೇಳಿದ ಶಸ್ತ್ರವೈದ್ಯರಿದ್ದರು. ಆ ವಾದವನ್ನು ಹೃದಯಹೀನವೆಂದು ತಳ್ಳಿಹಾಕಲು ನನ್ನಿಂದಾಗದು. ಆಗ ನಾಲ್ವರಲ್ಲಿ ಒಬ್ಬ ಆಸ್ಪತ್ರೆಯಿಂದ ಜೀವಂತನಾಗಿ ಮನೆಗೆ ಹೋಗುತ್ತಿರಲಿಲ್ಲ. ಹೀಗಿರುವಾಗ ಕತ್ತಿಯ ಕೌಶಲವೊಂದರಿಂದಲೇ ಪ್ರಶ್ನೆ ಬಗೆಹರಿಯದು. ಯಾರಿಗೆ ಕತ್ತಿ, ಯಾರಿಗೆ ಬೇಡ ಎಂಬುದನ್ನು ಅರಿಯುವುದೇ ದೊಡ್ಡದು. ವಿಪ್ಪಲ್‌ನ ಇನ್ನೊಂದು ಕೆಲಸ, ನಾನು ಮೊದಲೇ ಹೇಳಿದ ಚಿಕ್ಕ ಕೆಲಸ, ಈ ಪ್ರಶ್ನೆಗೇ ಸಂಬಂಧಪಟ್ಟದ್ದು. ಅದು ಹುಟ್ಟಿದುದು ಎರಡನೆಯ ಕುಲದ ಗೆಡ್ಡೆಗಳಿಂದ.

1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿ, ಮರುವರ್ಷ ಅದನ್ನು ರೋಗಿಗಳಿಗೆ ಕೊಡತೊಡಗಿದರು. ಕೊಟ್ಟ ಪ್ರಮಾಣ ಹೆಚ್ಚಾದರೆ ಏನಾಗುತ್ತದೆಂಬುದೂ ಆಗಲೇ ತಿಳಿಯಿತು: ಬೆವರು, ನಡುಕ, ಹಸಿವು, ಬುದ್ಧಿಭ್ರಮೆ, ಕೊನೆಗೆ ಮೂರ್ಛೆ. ಇದನ್ನು ನೋಡಿದ ಕೆಲವು ವೈದ್ಯರಿಗೆ ಹಳೆಯ ರೋಗಿಗಳ ನೆನಪು ಬಂದಿತು. ಇನ್ಸುಲಿನ್ ತೆಗೆದುಕೊಳ್ಳದಿದ್ದರೂ ಹೀಗೆಯೇ ಬೆವರಿ, ತೊದಲಿ, ಬೀಳುವವರಿದ್ದರಲ್ಲ! 1924ರಲ್ಲಿ ಅಮೆರಿಕದ ಸೀಲ್ ಹ್ಯಾರಿಸ್, ದೇಹವೇ ಅತಿಯಾಗಿ ಇನ್ಸುಲಿನ್ ಸುರಿಸುವ ರೋಗವೊಂದಿರಬೇಕು ಎಂದು ಊಹಿಸಿದ. 1927ರಲ್ಲಿ ಮೇಯೋ ಚಿಕಿತ್ಸಾಲಯದವರು ವರದಿ ಮಾಡಿದ ರೋಗಿ ಸ್ವತಃ ಒಬ್ಬ ಶಸ್ತ್ರವೈದ್ಯ. ಅವನ ಗ್ರಂಥಿಯಲ್ಲಿ ದ್ವೀಪಕೋಶಗಳ ಏಡಿಗಂತಿ ಬೆಳೆದು ಯಕೃತ್ತಿಗೂ ಹರಡಿತ್ತು. ಆ ಗೆಡ್ಡೆಯಿಂದ ತೆಗೆದ ಸಾರ ಇನ್ಸುಲಿನ್ನಿನಂತೆಯೇ ವರ್ತಿಸಿತು. ಎರಡು ವರ್ಷದ ಮೇಲೆ, 1929ರಲ್ಲಿ, ಅದೇ ಟೊರಾಂಟೊ ನಗರದಲ್ಲಿ ರಾಸ್ಕೋ ಗ್ರಹಾಂ ಇಂಥ ಒಂದು ಗೆಡ್ಡೆಯನ್ನು ತೆಗೆದು ರೋಗಿಯನ್ನು ಗುಣಪಡಿಸಿದ. ಈ ಗೆಡ್ಡೆಗಳಲ್ಲಿ ಹೆಚ್ಚಿನವು ಬಟಾಣಿಗಿಂತಲೋ ನೆಲ್ಲಿಕಾಯಿಗಿಂತಲೋ ದೊಡ್ಡವಲ್ಲ, ಹರಡುವ ಸ್ವಭಾವದವೂ ಅಲ್ಲ. ತೆಗೆದರೆ ರೋಗಿ ಪೂರ್ತಿಯಾಗಿ ಗುಣಹೊಂದುತ್ತಾನೆ.

ಗೆಲುವಿನ ಸುದ್ದಿ ಹಬ್ಬಿತು. ಅದರೊಡನೆ ಒಂದು ಅಪಾಯವೂ ಹಬ್ಬಿತು. ತಲೆಸುತ್ತು, ನಡುಕ, ಬಳಲಿಕೆ ಇರುವವರೆಲ್ಲರ ಗ್ರಂಥಿಯಲ್ಲಿಯೂ ಗೆಡ್ಡೆಯನ್ನು ಹುಡುಕುವ ಉತ್ಸಾಹ ಬೆಳೆಯಿತು. ಹೊಟ್ಟೆಯನ್ನು ತೆರೆದು ನೋಡಿ, ಗೆಡ್ಡೆ ಸಿಕ್ಕದಿದ್ದರೂ ಗ್ರಂಥಿಯ ಒಂದು ಭಾಗವನ್ನು ಕತ್ತರಿಸಿ ಮುಚ್ಚಿದ ಉದಾಹರಣೆಗಳು ಒಂದೆರಡಲ್ಲ. ಇದಕ್ಕೆ ವಿರುದ್ಧವಾದ ದುರಂತವೂ ಇತ್ತು. ನಿಜವಾಗಿ ಗೆಡ್ಡೆಯಿದ್ದವರು ಮೂರ್ಛೆರೋಗಿಗಳೆಂದೋ ಹುಚ್ಚರೆಂದೋ ಎಣಿಸಲ್ಪಟ್ಟು ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದರು. ಬೇಡದವರಿಗೆ ಕತ್ತಿ, ಬೇಕಾದವರಿಗೆ ಬಂದೀಖಾನೆ.

ವಿಪ್ಪಲ್ ಈ ಗೊಂದಲವನ್ನು ಮೂರು ಮಾತುಗಳಲ್ಲಿ ಬಗೆಹರಿಸಿದ. ರೋಗಿಗೆ ಬೇನೆ ಬರುವುದು ಉಪವಾಸವಿದ್ದಾಗ ಅಥವಾ ದಣಿದಾಗ ಆಗಿರಬೇಕು. ಬೇನೆ ಬಂದ ಆ ಗಳಿಗೆಯಲ್ಲಿಯೇ ರಕ್ತವನ್ನು ತೆಗೆದು ನೋಡಿದರೆ 100 ಘನ ಸೆಂಟಿಮೀಟರಿಗೆ ಸಕ್ಕರೆ 50 ಮಿಲಿಗ್ರಾಮಿಗಿಂತ ಕೆಳಗಿರಬೇಕು. ಗ್ಲೂಕೋಸ್ ಕೊಟ್ಟ ಕೂಡಲೆ ಬೇನೆ ಮಾಯವಾಗಬೇಕು. ಮೂರೂ ಕೂಡಿದರೆ ಮಾತ್ರ ಕತ್ತಿಯನ್ನು ಮುಟ್ಟಬಹುದು; ಒಂದು ತಪ್ಪಿದರೂ ರೋಗಿಯನ್ನು ಮನೆಗೆ ಕಳುಹಿಸಿ ಬೇರೆ ಕಾರಣವನ್ನು ಹುಡುಕಬೇಕು. 1938ರ ಹೊತ್ತಿಗೆ ಸ್ಪಷ್ಟವಾದ ರೂಪ ತಾಳಿದ ಈ ನಿಯಮಕ್ಕೆ ವಿಪ್ಪಲ್‌ನ ತ್ರಿಲಕ್ಷಣ ಎನ್ನಬಹುದು.

ಓದುವುದಕ್ಕೆ ಇದು ಅತಿ ಸರಳ. ಯಾರಿಗೂ ಹೊಳೆಯಬಹುದಾದ ಮಾತಿನಂತೆ ಕಾಣುತ್ತದೆ. ಆದರೆ ಇದರಲ್ಲಿ ಒಬ್ಬ ಶಸ್ತ್ರವೈದ್ಯ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದ್ದಾನೆ ಎಂಬುದನ್ನು ವಾಚಕರು ಗಮನಿಸಬೇಕು. ಕತ್ತರಿಸಬಲ್ಲವನಿಗೆ ಕತ್ತರಿಸಬೇಕೆಂಬ ಆಸೆ ಪ್ರಬಲವಾಗಿರುತ್ತದೆ. ದೇಶದ ಅತಿ ದಿಟ್ಟ ಶಸ್ತ್ರಕ್ರಿಯೆಗಳಲ್ಲೊಂದನ್ನು ಅದೇ ಅಂಗದ ಮೇಲೆ ಮಾಡುತ್ತಿದ್ದವನೇ, ಅದೇ ವರ್ಷಗಳಲ್ಲಿ, ಹೀಗೊಂದು ಬಾಗಿಲನ್ನು ಇಟ್ಟು ಅದಕ್ಕೆ ಮೂರು ಬೀಗಗಳನ್ನು ಹಾಕಿದ. ಆ ಬಾಗಿಲಿನಿಂದ ಒಳಗೆ ಬಂದವರೆಷ್ಟೋ, ಹೊರಗೇ ಉಳಿದು ಬದುಕಿಕೊಂಡವರೂ ಅಷ್ಟೇ ಮುಖ್ಯ. ಆದರೆ ಆ ಎರಡನೆಯವರ ಲೆಕ್ಕವನ್ನು ಯಾವ ಆಸ್ಪತ್ರೆಯ ದಫ್ತರವೂ ಇಡುವುದಿಲ್ಲ.

ಈ ಕೆಲಸದಲ್ಲಿ ಅವನೊಡನೆ ಇದ್ದವಳು ವರ್ಜೀನಿಯ ನೀಲಂಡ್ ಫ್ರಾಂಟ್ಸ್. 1922ರಲ್ಲಿ ಕೊಲಂಬಿಯದಲ್ಲಿಯೇ ವೈದ್ಯ ಪದವಿ ಪಡೆದು, ಶಸ್ತ್ರವೈದ್ಯವನ್ನು ಕಲಿತು, ಆಮೇಲೆ ರೋಗನಿದಾನಶಾಸ್ತ್ರದ ಕಡೆಗೆ ಹೊರಳಿದಾಕೆ. ವಿಪ್ಪಲ್ ತೆಗೆದ ಗೆಡ್ಡೆಗಳು ಈಕೆಯ ಸೂಕ್ಷ್ಮದರ್ಶಕದ ಕೆಳಗೆ ಬರುತ್ತಿದ್ದುವು. ದ್ವೀಪಕೋಶಗಳ ಗೆಡ್ಡೆಗಳನ್ನು ಕುರಿತು 1935ರಲ್ಲಿ ಇಬ್ಬರೂ ಕೂಡಿ ಬರೆದ ಲೇಖನ ಈ ವಿಷಯದಲ್ಲಿ ಬಹುಕಾಲ ಆಧಾರಗ್ರಂಥದಂತಿತ್ತು. 1959ರಲ್ಲಿ ಈಕೆ ಮೇದೋಜೀರಕದ ಗೆಡ್ಡೆಗಳ ಮೇಲೆ ಒಂದು ಪುಸ್ತಕವನ್ನು ಬರೆದು, ಹೆಚ್ಚಾಗಿ ತರುಣಿಯರಲ್ಲಿ ಕಾಣಬರುವ ಬೇರೊಂದು ಜಾತಿಯ ಗೆಡ್ಡೆಯನ್ನು ವಿವರಿಸಿದಳು. ಅದಕ್ಕೆ ಫ್ರಾಂಟ್ಸ್ ಗೆಡ್ಡೆ ಎಂದೇ ಹೆಸರಾಯಿತು. ಎರಡು ಕುಲವೆಂದು ನಾನು ಮೇಲೆ ಹೇಳಿದೆನಷ್ಟೆ. ನೋಡಬಲ್ಲ ಕಣ್ಣಿಗೆ ಕುಲಗಳು ಇನ್ನೂ ಹೆಚ್ಚು.

1940ರ ಮಾರ್ಚಿಯಲ್ಲಿ ನಡೆದ ಒಂದು ಘಟನೆ ಈ ಮಾತಿಗೆ ನಿದರ್ಶನ. ಜಠರದ ಕೆಳತುದಿಯಲ್ಲಿ ಏಡಿಗಂತಿ ಇರಬೇಕೆಂದು ಎಣಿಸಿ ವಿಪ್ಪಲ್ ಒಬ್ಬ ಹೆಂಗಸಿನ ಹೊಟ್ಟೆಯನ್ನು ತೆರೆದ. ನೋಡಲು ಬಂದ ಶಸ್ತ್ರವೈದ್ಯರು ಸುತ್ತ ನಿಂತಿದ್ದರು. ತೆರೆದು ನೋಡಿದರೆ ಗೆಡ್ಡೆಯಿದ್ದುದು ಜಠರದಲ್ಲಲ್ಲ, ಮೇದೋಜೀರಕದ ತಲೆಯಲ್ಲಿ. ಆಕೆಗೆ ಕಾಮಾಲೆಯಿರಲಿಲ್ಲ, ಆದ್ದರಿಂದ ಎರಡು ಕಂತುಗಳವರೆಗೆ ಕಾಯುವ ಅಗತ್ಯವೂ ಇರಲಿಲ್ಲ. ಅವನು ಅಲ್ಲಿಯೇ ನಿಶ್ಚಯಿಸಿ ಒಂದೇ ಕಂತಿನಲ್ಲಿ ಇಡೀ ಕೆಲಸವನ್ನು ಮುಗಿಸಿದ. ಇಂದು ಲೋಕದಲ್ಲೆಲ್ಲ ಈ ಶಸ್ತ್ರಕ್ರಿಯೆ ಒಂದೇ ಕಂತಿನಲ್ಲಿ ನಡೆಯುತ್ತದೆ. ಕೆ ಜೀವಸತ್ವವನ್ನು ಮೊದಲೇ ಕೊಟ್ಟರೆ ಕಾಮಾಲೆಯಿದ್ದವರಿಗೂ ರಕ್ತ ನಿಲ್ಲುತ್ತದೆ ಎಂದು ಅಷ್ಟರಲ್ಲಿ ತಿಳಿದಿದ್ದುದು ದೊಡ್ಡ ನೆರವಾಯಿತು. ಆ ಹೆಂಗಸು ಆಮೇಲೆ ಸುಮಾರು ಒಂಬತ್ತು ವರ್ಷ ಬದುಕಿದಳು. ವಿಪ್ಪಲ್‌ನ ಕೈ ಅಂದು ವಿಶೇಷವಾಗಿ ಚಳಕದಿಂದ ಆಡಿತೆಂದು ಇದಕ್ಕೆ ಅರ್ಥವಲ್ಲ. ಪರೀಕ್ಷಿಸಿ ನೋಡಿದಾಗ ಅದು ದ್ವೀಪಕೋಶಗಳ ಕುಲದ ಗೆಡ್ಡೆಯೆಂದು ತಿಳಿಯಿತು. ನಿಧಾನವಾಗಿ ಬೆಳೆಯುವುದು ಆ ಕುಲದ ಗುಣ. ಅದೇ ಅಂಗ, ಅದೇ ಶಸ್ತ್ರಕ್ರಿಯೆ, ಅದೇ ಕೈ; ಒಬ್ಬನಿಗೆ ತಿಂಗಳುಗಳು, ಇನ್ನೊಬ್ಬಳಿಗೆ ಒಂಬತ್ತು ವರ್ಷ. ವ್ಯತ್ಯಾಸವಿದ್ದುದು ಗೆಡ್ಡೆಯ ಹುಟ್ಟಿನಲ್ಲಿ.

ಈ ವ್ಯತ್ಯಾಸದ ಬೇರು ಎಲ್ಲಿಯ ವರೆಗೆ ಇಳಿದಿದೆ ಎಂಬುದು ವಿಪ್ಪಲ್ ತೀರಿಕೊಂಡು ಬಹಳ ಕಾಲದ ಮೇಲೆ ತಿಳಿಯಿತು. ಮೊದಲ ಕುಲದ, ಎಂದರೆ ಜೀರ್ಣರಸದ ನಾಳಗಳಲ್ಲಿ ಹುಟ್ಟುವ ಏಡಿಗಂತಿಗಳನ್ನು ಪರೀಕ್ಷಿಸಿದರೆ, ಹತ್ತರಲ್ಲಿ ಒಂಬತ್ತರಲ್ಲಿ ಕೆ-ರಾಸ್ ಎಂಬ ಒಂದು ಜೀನು ಕೆಟ್ಟಿರುತ್ತದೆ. ಜೀವಕೋಶಕ್ಕೆ ಬೆಳೆ ಎಂದು ಆಜ್ಞೆ ಮಾಡುವ ಜೀನು ಅದು. ಕೆಟ್ಟಮೇಲೆ ಆಜ್ಞೆಯನ್ನು ನಿಲ್ಲಿಸುವುದೇ ಇಲ್ಲ. 2011ರಲ್ಲಿ ದ್ವೀಪಕೋಶಗಳ ಕುಲದ ಗೆಡ್ಡೆಗಳನ್ನು ಓದಿ ನೋಡಿದಾಗ ಅಲ್ಲಿ ಕೆಟ್ಟಿದ್ದುದು ಬೇರೆಯೇ ಜೀನುಗಳೆಂದು ಕಂಡಿತು. ಸಕ್ಕರೆಯನ್ನು ಅಳೆದು ವಿಪ್ಪಲ್ ಕಂಡದ್ದನ್ನು, ಸೂಕ್ಷ್ಮದರ್ಶಕದಲ್ಲಿ ಫ್ರಾಂಟ್ಸ್ ಕಂಡದ್ದನ್ನು, ಈಗ ಜೀನುಗಳ ಅಕ್ಷರಗಳಲ್ಲಿಯೂ ಓದಬಹುದಾಯಿತು. ಅದೇ ವರ್ಷ ಈ ಎರಡನೆಯ ಕುಲದ ಬೆಳೆಯುತ್ತಿರುವ ಗೆಡ್ಡೆಗಳಿಗೆಂದೇ ಎರಡು ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಒಬ್ಬೊಬ್ಬ ರೋಗಿಯ ಗೆಡ್ಡೆಯ ಗುಣವನ್ನು ಹೀಗೆ ಕರಾರುವಾಕ್ಕಾಗಿ ಅರಿತು ಅದಕ್ಕೆ ತಕ್ಕ ಚಿಕಿತ್ಸೆಯನ್ನು ಆರಿಸುವ ಪದ್ಧತಿಯನ್ನು ಈಗ ನಿಖರ ವೈದ್ಯವೆಂದು ಕರೆಯುತ್ತಾರೆ. ಅದರ ಬಗ್ಗೆ ಬರುವ ಉತ್ಸಾಹದ ಮಾತುಗಳನ್ನು ಸ್ವಲ್ಪ ಸೋಸಿ ಕೇಳುವುದು ಒಳ್ಳೆಯದು. ಮೇದೋಜೀರಕದ ಏಡಿಗಂತಿಯುಳ್ಳ ನೂರು ಮಂದಿಯಲ್ಲಿ ಐದಾರು ಮಂದಿಗೆ ಬಿ.ಆರ್.ಸಿ.ಎ. ಎಂಬ ಜೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ರೋಗವು ದೇಹದಲ್ಲಿ ಹರಡಿದ್ದ ಇಂಥವರಿಗೆ ಒಲಾಪರಿಬ್ ಎಂಬ ಔಷಧಿಯನ್ನು ಕೊಟ್ಟು ನೋಡಿದ ಪ್ರಯೋಗದ ಫಲ 2019ರಲ್ಲಿ ಹೊರಬಂದಿತು. ರೋಗ ಮುಂದುವರಿಯದೆ ನಿಂತ ಅವಧಿ ಮಧ್ಯಮ ಲೆಕ್ಕದಲ್ಲಿ 3.8 ತಿಂಗಳಿಂದ 7.4 ತಿಂಗಳಿಗೆ ಏರಿತು. ಒಟ್ಟು ಆಯುಸ್ಸಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ಹೆಚ್ಚಳವಾಗಲಿಲ್ಲ. ನಾಲ್ಕು ತಿಂಗಳಿಗೂ ಕಡಮೆಯ ಬಿಡುವು. ಕಡಮೆಯೆನ್ನುವವರು ಅನ್ನಲಿ, ವಿಪ್ಪಲ್‌ನ ಮೊದಲ ಲೇಖನದ ಮೂವರನ್ನು ನೆನೆದರೆ ನನಗೆ ಹಾಗೆನ್ನುವ ಮನಸ್ಸು ಬರುವುದಿಲ್ಲ. ಅಮೆರಿಕದಲ್ಲಿ ಈಗಲೂ ಈ ಏಡಿಗಂತಿಯಿದೆಯೆಂದು ಗೊತ್ತಾದವರಲ್ಲಿ ಐದು ವರ್ಷ ದಾಟಿ ಬದುಕುವವರು ನೂರಕ್ಕೆ ಸುಮಾರು 13 ಮಂದಿ ಮಾತ್ರ. ಅಂಥ ಬಾಳು ದೊರೆಯುವ ಸಂಭವ ಹೆಚ್ಚಾಗಿರುವುದು, ರೋಗ ಹರಡುವ ಮೊದಲೇ ಸಿಕ್ಕಿ ವಿಪ್ಪಲ್‌ನ ಶಸ್ತ್ರಕ್ರಿಯೆಗೋ ಅಂಥದೇ ಇನ್ನೊಂದಕ್ಕೋ ಒಳಗಾದವರಿಗೆ. ಅದನ್ನು ಮೇಲಿಂದಮೇಲೆ ಮಾಡಿ ಕೈಪಳಗಿದ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯಿಂದಾಗುವ ಸಾವು ಈಗ ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ. ವಿಪ್ಪಲ್ ಮಾತ್ರ ತನ್ನ ಜೀವಮಾನದಲ್ಲಿ ಅದನ್ನು ಮಾಡಿದ್ದು 37 ಸಲ. ಇಂದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ವರ್ಷದೊಳಗೆ ಅದಕ್ಕಿಂತ ಹೆಚ್ಚು ನಡೆಯುತ್ತವೆ.

ಮನುಷ್ಯನಾಗಿ ವಿಪ್ಪಲ್ ಎಂಥವನು? ಒಬ್ಬನೇ ಮಿಂಚಬೇಕೆಂಬ ಶಸ್ತ್ರವೈದ್ಯರ ಗುಂಪಿಗೆ ಸೇರಿದವನಲ್ಲ. ಗುಲ್ಮದ ರೋಗಗಳಿಗಾಗಿ ಅವನು ತನ್ನ ಆಸ್ಪತ್ರೆಯಲ್ಲಿ ಒಂದು ಚಿಕಿತ್ಸಾಲಯವನ್ನು ಕಟ್ಟಿದಾಗ ಅಲ್ಲಿ ಔಷಧವೈದ್ಯರು, ಶಸ್ತ್ರವೈದ್ಯರು, ರೋಗನಿದಾನಕಾರರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬೊಬ್ಬ ರೋಗಿಯನ್ನೂ ಚರ್ಚಿಸುತ್ತಿದ್ದರು. ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವ ರೋಗಕ್ಕೆ ಅವನೂ ಅವನ ಸಹೋದ್ಯೋಗಿಗಳೂ 1945ರ ಸುಮಾರಿಗೆ ರೂಪಿಸಿದ ಶಸ್ತ್ರಚಿಕಿತ್ಸೆ ಹುಟ್ಟಿದುದು ಆ ಮೇಜಿನಿಂದಲೇ.

ಇನ್ನೊಬ್ಬ ವರ್ಜೀನಿಯಳ ಕಥೆಯನ್ನೂ ಹೇಳಬೇಕು. ವರ್ಜೀನಿಯ ಆಪ್ಗರ್ 1933ರಲ್ಲಿ ಕೊಲಂಬಿಯದಿಂದ ವೈದ್ಯಳಾಗಿ ಹೊರಬಂದು ವಿಪ್ಪಲ್‌ನ ಕೈಕೆಳಗೆ ಶಸ್ತ್ರವೈದ್ಯವನ್ನು ಕಲಿಯತೊಡಗಿದಳು. ಕೈ ಚುರುಕು, ಬುದ್ಧಿ ಚುರುಕು. ಆದರೂ ಶಸ್ತ್ರವೈದ್ಯವನ್ನು ಬಿಟ್ಟು ಅರಿವಳಿಕೆಯ ಶಾಸ್ತ್ರಕ್ಕೆ ಹೋಗೆಂದು ವಿಪ್ಪಲ್ ಆಕೆಗೆ ಸಲಹೆಯಿತ್ತ. ಅದು ಆರ್ಥಿಕ ಮುಗ್ಗಟ್ಟಿನ ಕಾಲ; ಹೆಣ್ಣು ಶಸ್ತ್ರವೈದ್ಯರ ಬಳಿಗೆ ರೋಗಿಗಳು ಬರುವುದು ಕಷ್ಟವಾಗಿತ್ತು. ಅರಿವಳಿಕೆ ಸುಧಾರಿಸದೆ ಶಸ್ತ್ರವೈದ್ಯ ಮುಂದುವರಿಯದು ಎಂಬುದನ್ನೂ ಅವನು ಬಲ್ಲವನಾಗಿದ್ದ. ಆಪ್ಗರ್ ಆ ದಾರಿಯನ್ನೇ ಹಿಡಿದಳು. 1953ರಲ್ಲಿ ಆಕೆ ಪ್ರಕಟಿಸಿದ, ಹುಟ್ಟಿದ ಶಿಶುವಿನ ಉಸಿರು, ಬಣ್ಣ, ನಾಡಿಗಳನ್ನು ನೋಡಿ ಅಂಕ ಕೊಡುವ ಪದ್ಧತಿ ಇಂದು ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ಫಲ ಒಳ್ಳೆಯದಾಯಿತೆಂದು ಆ ಸಲಹೆಯನ್ನು ಪೂರ್ತಿಯಾಗಿ ಹೊಗಳಲು ನನಗೆ ಸಂಕೋಚ. ಗಂಡಾಗಿದ್ದರೆ ಅದೇ ಚುರುಕಿನ ಶಿಷ್ಯನಿಗೆ ಅವನು ಆ ಮಾತನ್ನು ಹೇಳುತ್ತಿದ್ದನೆ?

1946ರಲ್ಲಿ ಕೊಲಂಬಿಯದಿಂದ ನಿವೃತ್ತನಾದ ಮೇಲೆ ವಿಪ್ಪಲ್ ನ್ಯೂಯಾರ್ಕಿನ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದ. ಅನಂತರ ಅವನ ಮನಸ್ಸು ಹುಟ್ಟಿದ ನೆಲದ ಕಡೆಗೆ ತಿರುಗಿತು. ಬೇರೂತ್ ನಗರದ ಅಮೆರಿಕನ್ ವಿಶ್ವವಿದ್ಯಾನಿಲಯಕ್ಕೂ, ಇರಾನಿನ ಷಿರಾಜ್ ನಗರದಲ್ಲಿ ಹೊಸದಾಗಿ ಎದ್ದುನಿಲ್ಲುತ್ತಿದ್ದ ಆಸ್ಪತ್ರೆಗೂ ಅವನು ಸಲಹೆಗಾರನಾದ.

ಆದರೆ ಅವನ ಹಂಬಲ ಇನ್ನೂ ಹಿಂದಕ್ಕೆ ಹೋಗುವಂಥದು. ಬಾಲ್ಯದಲ್ಲಿ ನೆರೆಹೊರೆಯಾಗಿದ್ದ ನೆಸ್ಟೋರಿಯನ್ನರ ಪೂರ್ವಿಕರೇ ಗ್ರೀಕರ ವೈದ್ಯವನ್ನು ಅರಬರಿಗೆ ದಾಟಿಸಿದವರು ಎಂಬ ವಿಷಯ ಅವನನ್ನು ಬಹುಕಾಲದಿಂದ ಕಾಡುತ್ತಿತ್ತು. ಮೇದೋಜೀರಕದ ಕೆಲಸ ಉತ್ಕಟವಾಗಿ ನಡೆಯುತ್ತಿದ್ದ 1936ರಲ್ಲಿಯೇ ಅದನ್ನು ಕುರಿತು ಅವನು ಬರೆದಿದ್ದ. ಬೈಜಾಂಟಿಯಮ್ಮಿನಲ್ಲಿ ಪಾಷಂಡಿಗಳೆಂದು ಹೊರದೂಡಲ್ಪಟ್ಟ ಈ ಜನ ಪರ್ಷಿಯದಲ್ಲಿ ಆಶ್ರಯ ಪಡೆದರು. ಗುಂದೇಶಾಪುರದ ವೈದ್ಯಕೇಂದ್ರದಲ್ಲಿ ಗ್ರೀಕ್, ಸಿರಿಯಾಕ್, ಪಹ್ಲವಿ ವಿದ್ಯೆಗಳು ಕೂಡಿದುವು. ನಮ್ಮ ಭಾರತದ ವಿದ್ಯೆಯೂ ಅಲ್ಲಿಗೆ ಮುಟ್ಟಿತ್ತು. ದುರ್ಗಸಿಂಹನ ಮೂಲಕ ಕನ್ನಡಿಗರು ಬಲ್ಲ ಪಂಚತಂತ್ರದ ಕಥೆಗಳನ್ನು ಖುಸ್ರೂ ದೊರೆಯ ಕಾಲದಲ್ಲಿ ಇಲ್ಲಿಂದ ಪರ್ಷಿಯಕ್ಕೆ ಕೊಂಡೊಯ್ದವನು ಬುರ್ಜೋಯ್ ಎಂಬ ವೈದ್ಯನೆಂದು ಪ್ರತೀತಿಯುಂಟು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿ ಗ್ಯಾಲೆನ್ನನ ಗ್ರಂಥಗಳನ್ನು ಸಿರಿಯಾಕ್, ಅರಬ್ಬೀ ಭಾಷೆಗಳಿಗೆ ತಿರುಗಿಸಿದ ಹುನೈನ್ ಇಬ್ನ್ ಇಸ್ಹಾಕ್ ಸಹ ನೆಸ್ಟೋರಿಯನ್ನನೇ. ಇಂಥ ಜನಾಂಗ ವಿಪ್ಪಲ್‌ನ ಕಣ್ಣೆದುರಿನ ಕಾಲದಲ್ಲಿಯೇ, ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ, ಉರ್ಮಿಯದ ಬಯಲಿನಲ್ಲಿ ಕಗ್ಗೊಲೆಗೆ ಸಿಕ್ಕಿ ಚೆದುರಿಹೋಯಿತು. ಅವನು ಹುಟ್ಟಿದಾಗ ಇದ್ದ ಉರ್ಮಿಯ ಅವನ ವೃದ್ಧಾಪ್ಯಕ್ಕೆ ಉಳಿದಿರಲಿಲ್ಲ.

ಇಳಿವಯಸ್ಸಿನಲ್ಲಿ ಅವನು ಪ್ರಿನ್ಸ್‌ಟನ್ನಿನಲ್ಲಿ ನೆಲಸಿ ಬರೆಹದಲ್ಲಿ ತೊಡಗಿದ್ದ. ಗಾಯ ಮಾಯುವ ಬಗೆಯನ್ನು ಕುರಿತ ಪುಸ್ತಕವೂ, ಅಮೆರಿಕದಲ್ಲಿ ಶಸ್ತ್ರವೈದ್ಯ ಬೆಳೆದ ಕಥೆಯೂ 1963ರಲ್ಲಿ ಹೊರಬಂದುವು. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಎಂಬತ್ತೊಂದು ತುಂಬಿದ್ದಾಗ, ಅವನು ತೀರಿಕೊಂಡ. ನೆಸ್ಟೋರಿಯನ್ನರೂ ಮುಸಲ್ಮಾನರೂ ವೈದ್ಯದ ಚರಿತ್ರೆಗೆ ಸಲ್ಲಿಸಿದ ಸೇವೆಯನ್ನು ಕುರಿತ ಅವನ ಗ್ರಂಥ ಅಚ್ಚಾಗಿ ಬಂದದ್ದು 1967ರಲ್ಲಿ.